ಮೇಷ್ಟ್ರು ಕನ್ನಡಕ್ಕೆ ತರದ ಮಾತು

ಏಪ್ರಿಲ್ 9, ಮಂಗಳವಾರ. ಯುಗಾದಿ

ಹಬ್ಬದ ದಿನವೂ ಮೀಟಿಂಗ್. ಒಬ್ಬಟ್ಟಿನ ಹೂರಣ ಅರ್ಧ ರುಬ್ಬಿಟ್ಟು ಪಾರ್ಟಿ ಆಫೀಸಿಗೆ ಓಡಿದೆ. ಟ್ಯಾಂಕರ್ ಇವತ್ತೂ ಇಲ್ಲ. ಶರಣ್ ಎದುರು ಮನೆಯಿಂದ ಎರಡು ಬಿಂದಿಗೆ ನೀರು ತಂದಿಟ್ಟ. ಗಂಡ ಬಿಂದಿಗೆ ಹೊತ್ತಿದ್ದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು.

ಲೋಕಸಭೆ ಎಲೆಕ್ಷನ್ನಿನ ದೊಡ್ಡ ಸಭೆ ಇಪ್ಪತ್ತಕ್ಕೆ. ದೆಹಲಿಯಿಂದ ನಾಯಕರು ಬರುತ್ತಾರೆ. ಹಿಂದಿ ಭಾಷಣ, ಕನ್ನಡದಲ್ಲಿ ಹೇಳುವವರು ಬೇಕು. ಹೋದ ಸಲದವರ ಕನ್ನಡ ಕೇಳಿ ಜನ ನಕ್ಕಿದ್ದರು. ಮುತ್ತುರಾಜಣ್ಣ ನಮ್ಮ ಕ್ಷೇತ್ರದ ಉಸ್ತುವಾರಿ, ತಲೆ ಕೆಡಿಸಿಕೊಂಡು ಕೂತಿದ್ದರು. ಸಂಕರ್ಷಣ ಸರ್ ಹೆಸರು ಹೇಳಿದೆ. ಹೈಸ್ಕೂಲಿನಲ್ಲಿ ನನಗೆ ಹಿಂದಿ ಕಲಿಸಿದವರು. ರಿಟೈರಾಗಿ ಎಷ್ಟೋ ವರ್ಷ. ನಮ್ಮ ಪಕ್ಷದವರಾ ಎಂದು ಮುತ್ತುರಾಜಣ್ಣ ಕೇಳಿದರು. ಗೊತ್ತಿಲ್ಲ ಎಂದೆ.

ಸಂಜೆ ಶ್ರೀರಾಂಪುರದಿಂದ ಅಪ್ಪ ಬಂದರು. ಅದೂ ನಮ್ಮ ವಾರ್ಡಿಗೇ ಸೇರಿದ್ದು. ಒಬ್ಬಟ್ಟು ತಿಂದರು, ತುಪ್ಪ ಕಡಿಮೆ ಎಂದರು. ಬಾಗಿಲ ಹಿಂದೆ ನಮ್ಮ ಪಕ್ಷದ ಬಾವುಟಗಳ ಕಟ್ಟು. ಕಂಡರೂ ಕಾಣದವರಂತೆ ಚಪ್ಪಲಿಯನ್ನು ಆಚೆ ಬಿಟ್ಟರು. ಅಪ್ಪನ ವೋಟು ಯಾವಾಗಲೂ ಆ ಕಡೆಗೆ. ತಾತನದೂ ಅಷ್ಟೇ. ನಾನು ಈ ಕಡೆ ಸೇರಿದ ಮೇಲೆ ಅದೊಂದು ವಿಷಯ ಇಬ್ಬರೂ ಎತ್ತುವುದಿಲ್ಲ.

ಏಪ್ರಿಲ್ 11, ಗುರುವಾರ

ನನ್ನ ಹೊಲಿಗೆ ಅಂಗಡಿಯ ಹುಡುಗಿಯರಿಗೆ ಬ್ಲೌಸ್ ಕೆಲಸ ಒಪ್ಪಿಸಿ ಸರ್ ಮನೆಗೆ ಹೋದೆ. ಸಂಪಿಗೆ ರಸ್ತೆಯಿಂದ ಒಳಗೆ, ಹಳೇ ಮನೆ. ಸರ್ ಹೆಂಡತಿ ಜಾನಕಮ್ಮನವರು ಬಾಗಿಲು ತೆಗೆದರು. ಸರ್ ಸಣ್ಣಗಾಗಿದ್ದಾರೆ. ಧ್ವನಿ ಮಾತ್ರ ಹಾಗೇ ಇದೆ. ಹಾಜರಿ ಕೂಗಿದ ಹಾಗೆ ನನ್ನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದರು.

ಕ್ಲಾಸಿನಲ್ಲಿ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸುತ್ತಿದ್ದರು. ಮನೆಯಲ್ಲಿ ಹಿಂದಿ ಮಾತಾಡುವ ಅಂಗಡಿಯವರ ಮಕ್ಕಳ ಪಕ್ಕದಲ್ಲಿ ನಮ್ಮಂಥವರು. ಅವರು ನಮಗೆ ಹಿಂದಿ ಹೇಳಿಕೊಡಬೇಕು, ನಾವು ಅವರಿಗೆ ಕನ್ನಡ. ಪಕ್ಕದವಳು ಫೇಲಾದರೆ ನನಗೂ ಬೈಗುಳ. ಆ ಹುಡುಗಿ ಇವತ್ತು ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬರುತ್ತಾಳೆ, ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ.

ವಿಷಯ ಹೇಳಿದೆ. ಮೊದಲು ಎರಡು ಬಿಸ್ಕತ್ತು ತಿಂದರು. ಒಂದೇ ತಿನ್ನಬೇಕಂತೆ, ಶುಗರ್.

"ನಿಮ್ಮ ಪಕ್ಷಕ್ಕೆ ಅಂತ ಬರಲ್ಲ ಕಣಮ್ಮ. ಅಷ್ಟು ದೂರದಿಂದ ಒಬ್ಬರು ಬಂದು ಮಾತಾಡ್ತಾರೆ, ನಮ್ಮವರಿಗೆ ಸರಿಯಾಗಿ ಕೇಳಿಸ್ಬೇಕು. ಅದಕ್ಕೆ ಬರ್ತೀನಿ. ಅವರು ಹೇಳಿದ್ದು ಹೇಳ್ತೀನಿ, ನಂದೊಂದು ಮಾತು ಸೇರಿಸಲ್ಲ."

ದುಡ್ಡು ಬೇಡ ಎಂದರು. ವಾಪಸ್ ಬರಲು ಆಟೋ ಮಾತ್ರ.

ಏಪ್ರಿಲ್ 17, ಬುಧವಾರ

ರಾಮನವಮಿ. ಬೀದಿಯಲ್ಲಿ ಪಾನಕ ಹಂಚುವವರೂ ಎರಡು ಗುಂಪು ಈ ವರ್ಷ. ಒಂದು ನಮ್ಮವರದು, ಒಂದು ಅವರದು. ಮೂಲೆಮನೆ ಶೈಲಜಮ್ಮ ಎರಡೂ ಕಡೆ ಕುಡಿದು ಎರಡರಲ್ಲೂ ಬೆಲ್ಲ ಸಾಲದು ಎಂದು ಹೇಳಿ ಹೋದರು.

ಇವತ್ತು ಮುತ್ತುರಾಜಣ್ಣ ಬಾಯಿಬಿಟ್ಟು ಹೇಳಿದರು — ಪಾಲಿಕೆ ಎಲೆಕ್ಷನ್ ಯಾವಾಗ ಆದರೂ ಸರಿ, ವಾರ್ಡಿಗೆ ಹೆಣ್ಣುಮಕ್ಕಳ ಮೀಸಲು ಬಂದರೆ ಟಿಕೆಟ್ ನಿನಗೇ. ಹನ್ನೊಂದು ವರ್ಷದ ಓಡಾಟ... ಶರಣ್‌ಗೆ ಹೇಳಿದೆ. ಅವನಿಗೂ ಖುಷಿ, ತೋರಿಸಿಕೊಳ್ಳಲಿಲ್ಲ.

ಏಪ್ರಿಲ್ 20, ಶನಿವಾರ

ಬರೆಯಲು ಆಗುತ್ತಿಲ್ಲ. ನಾಳೆ.

ಏಪ್ರಿಲ್ 21, ಭಾನುವಾರ. ಬೆಳಿಗ್ಗೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶಾಲೆಯ ಮೈದಾನ ತುಂಬಿತ್ತು. ಸೆಕೆ. ಮಗಳು ಮುಂದೆ ನಿಂತು ಮಾಡಿಸಿದ ಸಭೆ ಎಂದು ಅಪ್ಪನೂ ಬಂದಿದ್ದರು. ನಾನು ಕರೆದಿರಲಿಲ್ಲ. ಮೂರನೇ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಪಕ್ಷದವರು ಕಂಡರೆ ಏನೆಂದುಕೊಂಡಾರು ಎಂದು ನನಗೇ ಮುಜುಗರ.

ಮೊದಮೊದಲು ಎಷ್ಟು ಚೆನ್ನಾಗಿತ್ತು! ನಾಯಕರ ಒಂದು ಮಾತು, ಸರ್ ಒಂದು ಮಾತು. ಎರಡು ಧ್ವನಿ ಎಂದೇ ಅನ್ನಿಸುತ್ತಿರಲಿಲ್ಲ. ತಮ್ಮೂರಿನ ಬೇಸಿಗೆಯ ವಿಷಯ ಎತ್ತಿದರು ನಾಯಕರು. ದಾರಿಹೋಕರಿಗೆಂದು ತಾಯಿ ಬಾಗಿಲಾಚೆ ನೀರಿನ ಮಡಕೆ ಇಡುತ್ತಿದ್ದರಂತೆ, ಯಾರು ಏನು ಎಂದು ಕೇಳದೆ ಕೊಡುತ್ತಿದ್ದರಂತೆ. ಅದಕ್ಕೆ ಅವರು ನನಗೂ ಗೊತ್ತಿಲ್ಲದ ಒಂದು ಹಿಂದಿ ಪದ ಹೇಳಿದರು. ಸರ್ ಒಂದೇ ಪದ — "ಅರವಟ್ಟಿಗೆ." ಇಡೀ ಮೈದಾನ ಹೋ ಎಂದಿತು. ನಾಯಕರಿಗೆ ಆಶ್ಚರ್ಯ. ತಿರುಗಿ ಆ ಪದ ಕೇಳಿಸಿಕೊಂಡರು, ತಾವೇ ಹೇಳಿದರು, ತಪ್ಪಾಗಿ. ಸರ್ ತಿದ್ದಿದರು. ಮತ್ತೆ ಹೇಳಿದರು. ಸೀಟಿ, ಚಪ್ಪಾಳೆ. ಅಪ್ಪ ಕೂಡ ತಟ್ಟಿದರು. ನಾನು ನೋಡಿದೆ.

ಆಮೇಲೆ ಭಾಷಣ ಬಿಸಿಯೇರಿತು. ನಾಯಕರು ಬೆರಳೆತ್ತಿ ಅಂದದ್ದು: ನಮಗೆ ವೋಟು ಹಾಕದವರು ಉಣ್ಣುವುದು ಈ ದೇಶದ ಅನ್ನ, ಮೈಯಲ್ಲಿರುವ ರಕ್ತ ಈ ದೇಶದ್ದಲ್ಲ. ಅವರು ನಿಮ್ಮ ಬೀದಿಯಲ್ಲೇ ಇದ್ದರೂ ನಿಮ್ಮವರಲ್ಲ.

ಹಿಂದಿ ಬರುವ ಮುಂದಿನ ಸಾಲಿನವರು ಕೂಗಿದರು. ಉಳಿದವರು ಸರ್ ಮುಖ ನೋಡುತ್ತಾ ಕಾದರು. ಸರ್ ಮಾತಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾಯಕರು ಅದನ್ನೇ ಇನ್ನೊಮ್ಮೆ ಹೇಳಿದರು. ಸರ್ ಮೊದಲು ಅವರಿಗೆ ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ಮುಂದಿನ ಮಾತು ಹೇಳಿ ಎಂದರು. ಆಮೇಲೆ ನಮ್ಮ ಕಡೆ ತಿರುಗಿ —

"ಒಂದು ಮಾತು ಬಿಟ್ಟಿದೀನಿ. ಕೇಳಿಸ್ಲಿಲ್ಲ ಅಂತಲ್ಲ. ಅದನ್ನ ನಾನು ಕನ್ನಡದಲ್ಲಿ ಹೇಳಲ್ಲ. ಈ ಮೈದಾನದ ಸುತ್ತ ಇರೋ ಮನೆಗಳಲ್ಲಿ ಅರ್ಧ ಜನ ಆ ಕಡೆಯವರು. ಅವರ ಮಕ್ಕಳಿಗೂ ನಾನೇ ಪಾಠ ಹೇಳಿದ್ದು."

ಧ್ವನಿ ಏರಿಸಲಿಲ್ಲ. ಹಾಜರಿ ಕೂಗುವಾಗ ಮಾತಾಡುತ್ತಿದ್ದ ಹಾಗೆ. ಯಾರೋ ಮೈಕ್ ಕಿತ್ತುಕೊಂಡರು. ಯಾರೋ ಮೆಟ್ಟಿಲವರೆಗೆ ತಳ್ಳಿದರು. ನಾನು ಓಡಿಹೋಗಿ ಕೈ ಹಿಡಿದೆ. ಮನೆಗೆ ಹೋಗೋಣ ಸರ್ ಎಂದೆ. ಬೇಡ, ಮಾತಾಡುತ್ತಿರುವಾಗ ಎದ್ದುಹೋದರೆ ಅವರಿಗೆ ಅವಮಾನ ಎಂದು ಕೆಳಗೆ ಒಂದು ಕುರ್ಚಿ ಹುಡುಕಿ ಕೂತರು. ಭಾಷಣ ಮುಗಿಯುವವರೆಗೂ ಕೇಳಿದರು. ಅಕ್ಕಪಕ್ಕದವರು ಕುರ್ಚಿ ಸರಿಸಿಕೊಂಡರು. ಮೂರನೇ ಸಾಲಿನಿಂದ ಅಪ್ಪ ಎದ್ದು ಬಂದು ಸರ್ ಪಕ್ಕದಲ್ಲಿ ಕೂತರು. ಇಬ್ಬರಿಗೂ ಪರಿಚಯವೇ ಇಲ್ಲ.

ಅಪ್ಪನಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಹೊರಡುವಾಗ ಕೇಳಿದರು, "ಅದ್ಯಾವ ಮಾತು ತೇಜು, ಮೇಷ್ಟ್ರು ಬಿಟ್ಟಿದ್ದು?"

ಏನೋ ಬಿಡು ಅಪ್ಪ ಎಂದೆ.

ಆಟೋದಲ್ಲಿ ಸರ್ ಅಂದರು, "ಅರವಟ್ಟಿಗೆ ಅಂದಾಗ ನೋಡಿದ್ಯಾ? ಎಲ್ಲಿಂದಲೋ ಬಂದೋರು ನಮ್ಮೂರೋರೇ ಆಗ್ಬಿಟ್ರು. ದೇಶ ಒಂದು ಅನ್ನೋದು ನಂಗೆ ಕಾಣೋದು ಅಲ್ಲಿ."

ಅದೇ ದಿನ, ಮಧ್ಯಾಹ್ನ

ವಿಡಿಯೋ ಎಲ್ಲಾ ಕಡೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದ್ರೋಹಿ, ದುಡ್ಡು ತಿಂದ ಮುದುಕ. ಅವರ ಗ್ರೂಪಿನಲ್ಲಿ ಹುಲಿ, ಸಿಂಹ. ನ್ಯೂಸ್ ಚಾನೆಲ್‌ನವರು ನಾಯಕರ ಮಾತನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ತಿರುಗಿ ತಿರುಗಿ ತೋರಿಸಿದರು. ಅಪ್ಪ ನೋಡಿರುತ್ತಾರೆ. ಫೋನ್ ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ 22, ಸೋಮವಾರ

ಮುತ್ತುರಾಜಣ್ಣ ಕರೆಸಿದರು. ಬೈಯಲಿಲ್ಲ, ಅದೇ ಕಷ್ಟ. ಮೇಲಿನಿಂದ ಅವರಿಗೂ ಬಿದ್ದಿದೆ, ಕಣ್ಣು ಕೆಂಪಾಗಿತ್ತು. ಪತ್ರಿಕೆಗಳಿಗೆ ಒಂದು ಹೇಳಿಕೆ ಹೋಗಬೇಕಂತೆ. ಸರ್‌ಗೆ ವಯಸ್ಸಾಗಿದೆ, ಮರೆವಿನ ಕಾಯಿಲೆ, ಬಿಸಿಲಿಗೆ ತಲೆ ಸುತ್ತಿ ಏನೋ ಮಾತಾಡಿದರು, ಕರೆತಂದ ನಾನೇ ವಿಷಾದಿಸುತ್ತೇನೆ ಎಂದು. ಸಹಿ ನನ್ನದು.

"ಯಾರಿಗೂ ನೋವಾಗಲ್ಲ ನೋಡಮ್ಮ. ಅವರಿಗೂ ಪೀಡೆ ತಪ್ಪತ್ತೆ. ನಿನ್ನ ಟಿಕೆಟ್ಟೂ ಉಳಿಯತ್ತೆ."

ನಾಳೆ ಹೇಳುತ್ತೇನೆ ಎಂದು ಬಂದೆ. ಶರಣ್ ಬರೆದುಬಿಡು ಎಂದ. ನಾಲ್ಕು ಸಾಲು ತಾನೇ, ಎಲೆಕ್ಷನ್ ಮುಗಿದರೆ ಯಾರಿಗೆ ನೆನಪಿರುತ್ತದೆ?

ಸರ್ ಮನೆಗೆ ಹೋದೆ. ಗೇಟಿನ ಮುಂದೆ ಬೆಳಿಗ್ಗೆ ಯಾರೋ ಕೂಗಾಡಿ ಹೋಗಿದ್ದಾರೆ. ಜಾನಕಮ್ಮ ಎರಡು ದಿನದಿಂದ ದೇವಸ್ಥಾನಕ್ಕೂ ಹೋಗಿಲ್ಲ. ಗಂಡನ ಮೇಲೆ ಸಿಟ್ಟು. "ಒಂದು ಮಾತು ಹೇಳಿಬಿಟ್ಟಿದ್ರೆ ಇವರ ನಾಲಿಗೆ ಸವೀತಿತ್ತಾ?" ಎಂದು ನನಗೇ ಕೇಳಿದರು. ಹಾಗೆನ್ನುತ್ತಲೇ ಅವರಿಗೆ ಮಾತ್ರೆ, ನೀರು ತಂದುಕೊಟ್ಟರು.

ನಾನು ಕೂತಿದ್ದಾಗಲೇ ಆ ಕಡೆಯವರು ಬಂದರು. ಶಾಲು, ಹಾರ, ಕ್ಯಾಮೆರಾ. ಸನ್ಮಾನವಂತೆ. ಸರ್ ಎದ್ದು ಎಲ್ಲರನ್ನೂ ಕೂರಿಸಿದರು. ಶಾಲನ್ನು ಮಡಿಸಿ ಅವರ ಕೈಯಲ್ಲೇ ಇಟ್ಟರು.

"ನಿಮ್ಮ ಸಭೇಲಿ ಇಂಥ ಮಾತು ಬಂದ್ರೆ ಅಲ್ಲೂ ನಾನು ಹೇಳಲ್ಲಪ್ಪ. ಅದನ್ನೂ ಕ್ಯಾಮೆರಾದಲ್ಲಿ ಹೇಳ್ಲಾ?"

ಕ್ಯಾಮೆರಾ ಬ್ಯಾಗಿಗೆ ಹೋಯಿತು. ಜಾನಕಮ್ಮ ಕೊಟ್ಟ ಕಾಫಿ ಕುಡಿದು ಹೋದರು.

ಆಮೇಲೆ ನನ್ನ ವಿಷಯ ಹೇಳಿದೆ. ಹೇಳಿಕೆ, ಟಿಕೆಟ್, ಎಲ್ಲಾ. ಅವರೇ ತಲೆ ಸುತ್ತಿತ್ತು ಎಂದುಬಿಟ್ಟರೆ ಎಲ್ಲರಿಗೂ ಸುಲಭ ಎಂದೂ ಹೇಳಿದೆ. ಸರ್ ಪೂರ್ತಿ ಕೇಳಿಸಿಕೊಂಡರು.

"ನೀನು ಬರೆದ್ರೆ ನಂಗೆ ಕೋಪ ಇಲ್ಲ. ನಿನ್ನ ಕಷ್ಟ ನಿಂದು. ಆದ್ರೆ ಯಾರಾದ್ರೂ ಕೇಳಿದ್ರೆ ತಲೆ ಸುತ್ತಿರ್ಲಿಲ್ಲ ಅಂತ ಹೇಳ್ತೀನಿ ಕಣಮ್ಮ. ಸುತ್ತಿರ್ಲಿಲ್ವಲ್ಲ."

ಏಪ್ರಿಲ್ 23, ಮಂಗಳವಾರ

ಬರೆಯಲು ಕೂತೆ. ‘ಮರೆವಿನ ಕಾಯಿಲೆಯಿಂದ ಬಳಲುತ್ತಿರುವ’ ಎನ್ನುವವರೆಗೆ ಬಂತು. ನನ್ನ ಇನಿಷಿಯಲ್ ಸಮೇತ ನೆನಪಿಟ್ಟುಕೊಂಡ ಮನುಷ್ಯ. ಹರಿದುಹಾಕಿದೆ.

ಮುತ್ತುರಾಜಣ್ಣನಿಗೆ ಎದುರಿಗೇ ಹೋಗಿ ಹೇಳಿದೆ. ಪಕ್ಷ ಬಿಡುವುದಿಲ್ಲ, ಬೂತ್ ಕೆಲಸ ಮಾಡುತ್ತೇನೆ, ಸ್ಲಿಪ್ ಹಂಚುತ್ತೇನೆ, ವೋಟೂ ನಮಗೇ. ಹೇಳಿಕೆಗೆ ಮಾತ್ರ ಸಹಿ ಹಾಕುವುದಿಲ್ಲ. ನಮ್ಮಪ್ಪ ಆ ಕಡೆಯವರು ಅಣ್ಣ ಎಂದೆ. ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಆ ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿದ್ದು ಮೊದಲ ಸಲ.

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಟಿಕೆಟ್ ವಿಷಯ ನನ್ನ ಕೈಲಿರಲ್ಲ ಇನ್ಮೇಲೆ," ಎಂದರು. ನಾನು ಬಾಗಿಲು ದಾಟುವಾಗ ಮೆಲ್ಲಗೆ, ಮೇಷ್ಟ್ರ ಮನೆ ಹತ್ತಿರ ನಮ್ಮ ಹುಡುಗರು ಯಾರೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ.

ಸಂಜೆಗೆ ಗ್ರೂಪಿನಿಂದ ನನ್ನನ್ನು ತೆಗೆದಿದ್ದರು. ಹನ್ನೊಂದು ವರ್ಷ. ಅಡುಗೆಮನೆಯಲ್ಲಿ ನಿಂತು ಅತ್ತೆ. ಶರಣ್ ಬಂದ, ಚಪಾತಿ ಹಿಟ್ಟು ತಾನೇ ಕಲಸಿದ. ನೀರು ಜಾಸ್ತಿಯಾಗಿತ್ತು.

ಏಪ್ರಿಲ್ 26, ಶುಕ್ರವಾರ. ಸಂಜೆ

ವೋಟಿಂಗ್ ಮುಗಿಯಿತು. ಬೆಳಿಗ್ಗೆಯಿಂದ ಬೂತ್ ಆಚೆ ನಮ್ಮ ಪಕ್ಷದ ಟೇಬಲ್ಲಿನಲ್ಲಿ ಕೂತಿದ್ದೆ. ಕೆಲವರು ಮಾತಾಡಿಸಲಿಲ್ಲ. ನಮ್ಮ ಪಕ್ಷದ ಹುಡುಗಿ ಶಿವರಂಜಿನಿ ಮಾತ್ರ ಪಕ್ಕದಲ್ಲಿ ಕೂತು ಮಜ್ಜಿಗೆ ಕೊಟ್ಟಳು. ಗ್ರೂಪಿನಲ್ಲಿ ಸರ್ ಬಗ್ಗೆ ಎಲ್ಲರಿಗಿಂತ ಕೆಟ್ಟದಾಗಿ ಬರೆದವಳು ಅವಳೇ. ಅದನ್ನು ಅಳಿಸಿದೆ ಅಕ್ಕ ಎಂದಳು.

ಸರ್, ಜಾನಕಮ್ಮ ಬಂದರು. ಸಾಲಿನಲ್ಲಿ ಸ್ವಲ್ಪ ಗುಸುಗುಸು. ಹಿರಿಯರು ಮುಂದೆ ಹೋಗಲಿ ಎಂದು ಯಾರೋ ಜಾಗ ಬಿಟ್ಟರು. ಬಿಟ್ಟವನು ಯಾವ ಕಡೆಯವನೋ ನನಗೂ ತಿಳಿಯಲಿಲ್ಲ. ವೋಟು ಹಾಕಿ ಹೊರಬಂದರು. ಯಾರಿಗೆ ಹಾಕಿದರೋ... ಕೇಳಬೇಕು ಎಂದೂ ಅನ್ನಿಸಲಿಲ್ಲ.

ಮನೆಗೆ ಬಂದರೆ ಅಪ್ಪ! ಆರು ದಿನದ ಮೇಲೆ. ಶ್ರೀರಾಂಪುರದಲ್ಲಿ ವೋಟು ಹಾಕಿ ನೇರ ಸರ್ ಮನೆಗೆ ಹೋಗಿ, ಅವರನ್ನೂ ಜಾನಕಮ್ಮನವರನ್ನೂ ಕರೆದುಕೊಂಡು ಬಂದಿದ್ದಾರೆ. ದಾರಿಯೆಲ್ಲಾ ಬೋರ್‌ವೆಲ್ ವಿಷಯ ಮಾತಾಡಿಕೊಂಡು ಬಂದರಂತೆ. ಕಾಫಿ ಕೊಟ್ಟೆ. ಅಪ್ಪ ನನ್ನ ಕಡೆ ನೋಡದೆ ಕೇಳಿದರು.

"ನಿಂಗೆ ಹಿಂದಿ ಬರ್ತದಲ್ಲ. ಆವಯ್ಯ ಆ ಮಾತು ಅಂದಾಗ ನಿಂಗೇನನ್ನಿಸ್ತು?"

ಸರ್ ಲೋಟ ನೋಡುತ್ತಾ ಕೂತರು. ಸುಳ್ಳು ಹೇಳಬಹುದಿತ್ತು.

"ಏನೂ ಅನ್ನಿಸ್ಲಿಲ್ಲ ಅಪ್ಪ. ಭಾಷಣದಲ್ಲಿ ಅನ್ನೋದೇ ಅಂತ ಕಿವಿ ಮೇಲೆ ಹೋಯ್ತು. ಸರ್ ನಿಲ್ಲಿಸಿದ್ಮೇಲೆ ನೀನು ಕಂಡೆ."

ಅಪ್ಪ ಕಾಫಿ ಮುಗಿಸಿದರು. ಮುಗಿಸಿ ಲೋಟ ನನ್ನ ಕೈಗೇ ಕೊಟ್ಟರು.

"ನಿನಗೆ ಟಿಕೆಟ್ ಕೊಟ್ರೆ ಒಂದ್ಸಲ ಆ ಗುರುತಿಗೆ ಒತ್ತುವಾ ಅಂತಿದ್ದೆ. ಒಂದೇ ಸಲ."

"ಟಿಕೆಟ್ ಸಿಗಲ್ಲ ಅಪ್ಪ."

"ಒಳ್ಳೇದಾಯ್ತು ಬಿಡು. ನನ್ನ ವೋಟು ಉಳೀತು."

ಸರ್ ಜೋರಾಗಿ ನಕ್ಕರು, ಕೆಮ್ಮು ಬರುವಷ್ಟು. ಜಾನಕಮ್ಮನೂ ನಕ್ಕರು. ಒಂದೇ ಸೋಫಾದಲ್ಲಿ ಮೂರು ಜನ, ಮೂರು ವೋಟು. ಹೊರಗೆ ಎರಡೂ ಪಕ್ಷದ ಹುಡುಗರು ಬಂಟಿಂಗ್ ಬಿಚ್ಚುತ್ತಿದ್ದಾರೆ, ಇರುವ ಒಂದೇ ಏಣಿಗೆ ಸರದಿ. ಶರಣ್ ಟಿವಿ ಹಾಕಿದ್ದಾನೆ, ಎಷ್ಟು ಪರ್ಸೆಂಟ್ ಎಂದು ಕೂಗಿ ಹೇಳುತ್ತಿದ್ದಾನೆ. ಅಪ್ಪ ಊಟ ಮಾಡಿಕೊಂಡೇ ಹೋಗುವುದಂತೆ. ಸಾರಿಗೆ ಬೇಳೆ ಇಡಬೇಕು, ಐದು ಜನಕ್ಕೆ. ಅಪ್ಪ ಮತ್ತೆ ಕರೆಯುತ್ತಿದ್ದಾರೆ, ‘ಅರವಟ್ಟಿಗೆ’ಗೆ ಹಿಂದಿಯಲ್ಲಿ ಏನಂತಾರೆ ಎಂದು ಸರ್ ಹತ್ತಿರ ಕಲಿತಿದ್ದಾರಂತೆ, ಹೋಗಿ ಕೇಳಿಸಿಕೊಳ್ಳಬೇಕು.