ಸಾಲಿನಲ್ಲಿ ನಿಲ್ಲು, ಕೈತಾನಜ್ಜಾ

ಹಳಿಯಾಳದ ಕಾಡಂಚಿನ ನಮ್ಮ ಕೇರಿ
ಇಸವಿ ೨೧೭೪, ಫೆಬ್ರುವರಿ ಮೂವತ್ತು

ಪ್ರೀತಿಯ ಕೈತಾನಜ್ಜಾ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ, ಪಾಪ ಅದೊಂದೇ ಯಾಕೆ ಕೊರಗಬೇಕು ಎಂದು. ನನ್ನ ಕೆಲವು ಮಾತುಗಳೂ ನಿನಗೆ ವಿಚಿತ್ರ ಅನ್ನಿಸಬಹುದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಕ್ಷರ ನಾನೇ ಕಲಿತದ್ದು, ಹೊಟ್ಟೆಗೆ ಹಾಕಿಕೋ. ನೀನು ನನ್ನ ಮುತ್ತಜ್ಜ. ಆದರೆ ಓದುವ ನಿನಗೆ ಇಪ್ಪತ್ತಾರು, ಬರೆಯುವ ನನಗೆ ಎಪ್ಪತ್ತೆಂಟು. ‘ನೀವು’ ಎನ್ನಲು ನಾಲಿಗೆ ಏಳುತ್ತಿಲ್ಲ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಿಂಟಪಾಲು ಅನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಹಾಳೆ. ನನ್ನದನ್ನು ನಿನಗೆಂದೇ ಇಟ್ಟುಕೊಂಡಿದ್ದೆ.

ನಾಳೆ ನಿನ್ನನ್ನು ಜೈಲಿಗೆ ಕರೆದಿದ್ದಾರೆ, ಕೈದಿಯಾಗಿ ಅಲ್ಲ, ಗುರುತಿಸುವ ಸಾಲಿನಲ್ಲಿ ನಿಲ್ಲಲು. ನಿಮ್ಮ ಕೇರಿಯ ದಿಯೋಗನ ಮೇಲೆ ಜೋಡಿ ಕೊಲೆಯ ಆರೋಪವಿದೆ, ರುಜುವಾದರೆ ನೇಣು. ಕಿರಾಣಿ ಅಂಗಡಿಯಲ್ಲಿ ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸೇ ಸಾಕ್ಷಿ. ಮೊದಲ ಸಲ ನೆಟ್ಟಗೂದಲಿನವರ ನಡುವೆ ದಿಯೋಗ ಒಬ್ಬನನ್ನೇ, ಗುಂಗುರುಗೂದಲಿನ ಸಿದ್ದಿಯನ್ನು, ನಿಲ್ಲಿಸಿದರು. ಬೆರಳು ಇನ್ನೆಲ್ಲಿಗೆ ಹೋದೀತು? ಆ ಹೆಂಗಸು ಸುಳ್ಳು ಹೇಳುವವಳಲ್ಲ ಅಜ್ಜಾ, ಅವಳ ದುಃಖ ನಿಜ. ಆದರೆ ಅವಳು ಕಂಡದ್ದು ಕೂದಲು ಮತ್ತು ಬಣ್ಣ. ಮುಖ ಕಂಡಿರಲಿಲ್ಲ. ದಿಯೋಗನ ವಕೀಲಮ್ಮ ಹಟ ಹಿಡಿದು, ಸಿದ್ದಿಗಳದೇ ಸಾಲು ಮಾಡಿ ಇನ್ನೊಮ್ಮೆ ಗುರುತಿಸಬೇಕೆಂದು ಕೋರ್ಟಿನಿಂದ ಹೇಳಿಸಿದಳು. ಈಗ ಸಾಲಿಗೆ ಜನ ಇಲ್ಲ. “ಆಕೀ ಬೆರಳು ನನ್ನ ಮ್ಯಾಲ ಬಿದ್ರ?” ಎಂದು ಕೇರಿಯ ಎಲ್ಲರಿಗಿಂತ ಮೊದಲು ಕೇಳಿದವನು ನೀನೇ. ಗೋವಾಕ್ಕೆ ಓಡಿಹೋಗಲು ಕಟ್ಟಿದ ಚೀಲ ಮಂಚದ ಕೆಳಗಿದೆ. ನಿನ್ನ ಹೆಂಡತಿ, ನಮ್ಮ ರೋಜಿನಜ್ಜಿ, ಅದನ್ನು ಆಗಲೇ ನೋಡಿದ್ದಾಳೆ.

ಹೋಗಿ ನಿಲ್ಲು. ನೀನು ಹೊರಟರೆ ಉಳಿದವರೂ ಹೊರಡುತ್ತಾರೆ. ಮುಚ್ಚಿಡುವುದೇಕೆ, ಬೆರಳು ನಿನ್ನ ಮೇಲೆಯೇ ಬೀಳುತ್ತದೆ. “ಇಂವನ, ದೇವರಾಣಿ!” ಅನ್ನುತ್ತಾಳೆ. ಹೆದರಬೇಡ. ಕೊಲೆಯಾದ ದಿನ ನೀನು ಮುಂಡಗೋಡದ ಮದುವೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದಮಾಮಿ ಬಾರಿಸುತ್ತಿದ್ದೆ. ಆ ಮದುವೆಯ ವೀಡಿಯೊದಲ್ಲಿ ಮದುಮಗನಿಗಿಂತ ನೀನೇ ಹೆಚ್ಚು ಕಾಣುತ್ತೀ. ದಿಯೋಗನ ಕುತ್ತಿಗೆ ಉಳಿಯುವುದು ಆ ತಪ್ಪು ಬೆರಳಿನಿಂದಲೇ.

ಆಮೇಲೆ ಏನೇನಾಯಿತು ಕೇಳು. ನಿನ್ನ ಸಾಲು ನೋಡಿ ‘ಸಾಲುಕರೆ’ ಬಂತು. ಆರೋಪಿಯನ್ನು ಹೋಲುವವರಿಗೆ ಸರ್ಕಾರ ಓಲೆ ಕಳಿಸುತ್ತದೆ, ಹೋಗಿ ನಿಲ್ಲುವುದು ಮರ್ಯಾದೆಯ ಕೆಲಸ. ಹೋದ ವರ್ಷ ಕಳ್ಳಿಯೊಬ್ಬಳ ಸಾಲಿಗೆ ನನಗೂ ಬಂದಿತ್ತು. ಪಕ್ಕದವಳು “ಅಕ್ಕಾ, ಕಳ್ಳಿ ನೀನೋ ನಾನೋ?” ಎಂದು ಕಿವಿಯಲ್ಲಿ ಕೇಳಿದಳು. ಸಾಲು ಮುಗಿದ ಮೇಲೆ ಅಲ್ಲಿ ಬಡಿಸಿದ ಪಲಾವಿಗೆ ಉಪ್ಪಿಲ್ಲವೆಂದು ಜಗಳವಾಡಿ ಬಂದೆ. ಸಾಲುಕರೆಯ ಹಿಂದೆಯೇ ‘ಅದಲುಪಾಠ’ ಬಂತು. ನೇಣು ಬರೆಯುವ ಮೊದಲು ನ್ಯಾಯಾಧೀಶರು ಕೊಂದವನ ಕುಲವನ್ನು ಸತ್ತವನಿಗೂ ಸತ್ತವನ ಕುಲವನ್ನು ಕೊಂದವನಿಗೂ ಹಚ್ಚಿ, ತಮ್ಮ ತೀರ್ಪನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಬೇಕು. ಸಿದ್ದಿ ಸಾಹುಕಾರನನ್ನು ಕೊಂದ ಎಂದಿದ್ದರೆ, ಸಾಹುಕಾರ ಸಿದ್ದಿಯನ್ನು ಕೊಂದ ಎಂದು. ಆಗಲೂ ನೇಣೆಂದೇ ಬಾಯಿಗೆ ಬಂದರೆ ಮಾತ್ರ ನೇಣು. ಎಂಥೆಂಥ ದೊಡ್ಡವರ ನಾಲಿಗೆಯೂ ತಡವರಿಸಿತು. ತಡವರಿಸಿ ತಡವರಿಸಿ, ನನ್ನ ಅವ್ವ ಲಂಗ ತೊಡುವ ಕಾಲಕ್ಕೆ ನೇಣೇ ನಿಂತುಹೋಯಿತು. ನೇಣುಗಂಬವಿದ್ದ ಅಂಗಳದಲ್ಲಿ ಈಗ ನಾವು ಹಲಸಿನ ಹಪ್ಪಳ ಒಣಗಿಸುತ್ತೇವೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ನಿನ್ನ ಕತೆ ಹೇಳುವಾಗ ಒಂದು ಕಡೆ ಎಲ್ಲರೂ ನಗುತ್ತಾರೆ. ಚೀಲ ಕಟ್ಟಿದವನು ಒಂದು ಕಾಗದ ಓದಿ ಚೀಲ ಬಿಚ್ಚಿದನಂತೆ. ಯಾರ ಕಾಗದವೆಂದು ರೋಜಿನಜ್ಜಿ ಕೇಳಿದರೆ “ಮರಿಮಮ್ಮಗಳು ಬರದಾಳ” ಎಂದನಂತೆ. “ಕೂಸ ಇಲ್ದಾವ್ಗ ಮರಿಮಮ್ಮಗಳು ಎಲ್ಲಿಂದ ಬಂದ್ಲು?” ಎಂದು ಅವಳು ಸಾಯುವವರೆಗೂ ಬೈದಳಂತೆ. ನಾನೂ ಚಿಕ್ಕಂದಿನಿಂದ ನಕ್ಕವಳೇ. ಹಿಂಟಪಾಲು ಶುರುವಾದ ದಿನ ಮಾತ್ರ ನಗು ಬರಲಿಲ್ಲ. ಮನೆಯಲ್ಲಿ ನಿನ್ನ ಮರಿಮೊಮ್ಮಗಳು ಅಂತ ಇರುವವಳು ನಾನೊಬ್ಬಳೇ.

ಹಾಗಾಗಿ ಬರೆದಿದ್ದೇನೆ. ನನ್ನ ಕೆಲಸ ಮುಗಿಯಿತು, ಇನ್ನು ನಿನ್ನದು. ಎದ್ದು ಚೀಲ ಬಿಚ್ಚು. ಅವಸರದಲ್ಲಿ ರೋಜಿನಜ್ಜಿಯ ಬಾಚಣಿಗೆಯನ್ನೂ ಅದರೊಳಗೆ ತುರುಕಿದ್ದೀಯೆ, ಅವಳು ಮನೆಯೆಲ್ಲ ಹುಡುಕುತ್ತಿದ್ದಾಳೆ, ಕೊಟ್ಟುಬಿಡು. ನಾಳೆ ನಿನಗದು ಬೇಡ. ಕೂದಲು ಇದ್ದ ಹಾಗೇ ಇರಲಿ, ತಲೆ ಎತ್ತಿ ನಿಲ್ಲು.

ನಿನ್ನ ಮರಿಮೊಮ್ಮಗಳು,
ಮಾರ್ಸೆಲಿನಾ