ಸತ್ತವನು ನಾನಲ್ಲ, ನನ್ನಣ್ಣ

ಜನನ ಮರಣ ದಾಖಲೆಗಳ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಪ್ರಕಾರ ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ ಸತ್ತಿದ್ದೇನೆ. ಸತ್ತವನು ಮದುವೆಯಾಗುವಂತಿಲ್ಲವಂತೆ. ಎಂಬತ್ತೊಂದರ ಮುದುಕ ಮದುವೆಗೆ ಹೊರಟನೆಂದು ಊರೆಲ್ಲ ನಗುತ್ತಿರುವುದು ಸಾಲದೆಂದು ತಾವೂ ಈ ತಮಾಷೆಗೆ ಕೈಹಾಕಿದಿರಾ?

ಇರಲಾರದೆ ಇರುವೆ ಬಿಟ್ಟುಕೊಂಡವನು ನಾನೇ, ಒಪ್ಪುತ್ತೇನೆ. ನಾನು ಸಾನ್‌ಸೂಸಿ ಮನೆತನದವ. ನನ್ನ ಕೈಹಿಡಿಯಲು ಒಪ್ಪಿರುವ ಫೆರ್ನಾಂದ್ ಬಿನೆ ಮನೆತನದವಳು. ಫ್ರಾನ್ಸಿನಿಂದ ಈ ಕ್ವಿಬೆಕ್‌ಗೆ ಸಿಪಾಯಿಯಾಗಿ ಬಂದ, ಎರಡೂ ಮನೆತನಗಳ ಮೂಲಪುರುಷನ ಹೆಸರು ‘ಬಿನೆ ಉರ್ಫ್ ಸಾನ್‌ಸೂಸಿ’. ದಂಡಿನಲ್ಲಿ ಅಂಟಿಸಿದ ಅಡ್ಡಹೆಸರು, ಚಿಂತೆಯಿಲ್ಲದವ ಅಂತ. ಮಕ್ಕಳಲ್ಲಿ ಕೆಲವರು ಬಿನೆ ಇಟ್ಟುಕೊಂಡರು, ಕೆಲವರು ಉರ್ಫಿನ ಆಚೆಗಿದ್ದದ್ದನ್ನು. ಅದಕ್ಕೇ ಫೆರ್ನಾಂದ್‌ಗೆ ಅನುಮಾನ. "ಈ ನದೀದಂಡೇಲಿ ಯಾರನ್ನ ಕೆದಕಿದ್ರೂ ನೆಂಟ್ರೇ. ನೀನು ನಂಗೆ ಅಣ್ಣನ ವರಸೆ ಆಗ್ಬಿಟ್ರೆ? ಮೊದ್ಲು ವಂಶಾವಳಿ ತೆಗೆಸು, ಆಮೇಲೆ ಉಂಗುರ," ಅಂದಳು. ತೆಗೆಸಿದೆ. ಕವಲೊಡೆದು ಎಂಟು ತಲೆಮಾರಾಗಿತ್ತು, ಪಾದ್ರಿಗಳೂ ನಕ್ಕುಬಿಟ್ಟರು. ಆದರೆ ಹಳೇ ಕಾಗದ ತಡಕುವಾಗ ತಮ್ಮ ಸಿಬ್ಬಂದಿಗೆ ನನ್ನ ಅಪ್ಪ ಅಮ್ಮನ ಮಗ ‘ಜೋಸೆಫ್ ಎಲ್ಜೆಯಾರ್’ನನ್ನು ಹೂಳಿದ ದಾಖಲೆ ಸಿಕ್ಕಿತು. ನನ್ನ ಕಥೆ ಅಲ್ಲಿಗೇ ಮುಗಿಸಿದರು.

ಸ್ವಾಮಿ, ತಾವು ಈ ನಾಡಿನವರೇ ತಾನೇ? ನಮ್ಮಲ್ಲಿ ಹುಟ್ಟಿದ ಗಂಡೆಲ್ಲ ಜೋಸೆಫ್, ಹೆಣ್ಣೆಲ್ಲ ಮೇರಿ. ಕರೆಯುವ ಹೆಸರು ಅದರ ಹಿಂದೆ. ಕೂಸು ಸತ್ತರೆ ಅದೇ ಹೆಸರನ್ನು ಮುಂದಿನ ಕೂಸಿಗೆ ಇಡುತ್ತಿದ್ದದ್ದು ತಮ್ಮ ಅಜ್ಜಿಯನ್ನು ಕೇಳಿದ್ದರೂ ತಿಳಿಯುತ್ತಿತ್ತು. ಸತ್ತವನು ನನ್ನ ಅಣ್ಣ. ಹುಟ್ಟುವಾಗಲೇ ಉಸಿರು ಕಟ್ಟುತ್ತಿತ್ತು. ಸೂಲಗಿತ್ತಿ ಅಡುಗೆಮನೆಯಲ್ಲೇ ನೀರು ಚಿಮುಕಿಸಿ ಹೆಸರಿಟ್ಟಳು. ಚರ್ಚಿಗೆ ಹೋಗಿದ್ದು ಹೆಣವಾಗಿ. ಆಗೆಲ್ಲ ಹುಟ್ಟು ದಾಖಲಾಗುತ್ತಿದ್ದದ್ದು ಚರ್ಚಿನಲ್ಲಿ ಜ್ಞಾನಸ್ನಾನವಾದಾಗಲೇ. ಹಾಗಾಗಿ ಅವನ ಸಾವು ಮಾತ್ರ ದಾಖಲಾಯಿತು, ಹುಟ್ಟು ಆಗಲಿಲ್ಲ. ಮುಂದಿನ ವರ್ಷ ನಾನು ಬಂದೆ, ಅದೇ ಹೆಸರಿನಲ್ಲಿ ನನ್ನ ಹುಟ್ಟು ದಾಖಲಾಯಿತು. ಪ್ರತಿ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಹಬ್ಬದ ದಿನ, ಅಮ್ಮ ನನ್ನದೇ ಹೆಸರಿದ್ದ ಮರದ ಶಿಲುಬೆಯ ಮುಂದೆ ನನ್ನನ್ನು ಮೊಣಕಾಲೂರಿಸುತ್ತಿದ್ದಳು. "ಹೇಳ್ಕೋ ಮಗಾ, ಅಣ್ಣನ ಪಾಲಿಂದೂ ನಾನೇ ಬದುಕ್ತೀನಿ ಅಂತ." ನನಗೆ ಹೆದರಿಕೆಯಾಗುತ್ತಿತ್ತು. ಇನ್ನೊಬ್ಬನ ಅಂಗಿ ತೊಟ್ಟುಕೊಂಡೇ ಬೆಳೆದೆ, ಬಿಚ್ಚಿಡಲು ಯಾರೂ ಬಿಡಲಿಲ್ಲ.

ಇದನ್ನೆಲ್ಲ ತಮ್ಮ ಕೌಂಟರಿನ ಹೆಣ್ಣುಮಗಳಿಗೆ ಹೇಳಿದೆ.

"ಹುಟ್ಟಿದ ಎಲ್ಜೆಯಾರ್ ಒಬ್ನೇ, ಸತ್ತವ್ನೂ ಒಬ್ನೇ. ಸತ್ತ ತಾರೀಕನ್ನ ಪಾದ್ರಿ ತಪ್ಪು ಬರ್ದಿರ್ಬೇಕು ಅಜ್ಜಾ," ಅಂದಳು.

"ಅಲ್ಲಮ್ಮಾ, ನಿನ್ ಮುಂದೇನೇ ನಿಂತಿದ್ದೀನಲ್ಲ!"

"ನಿಂತಿರೋದು ಕಾಣುತ್ತೆ. ನಿಂತಿರೋದಕ್ಕೆ ದಾಖಲೆ ಇಲ್ವಲ್ಲ."

ಬದುಕಿದ್ದೇನೆಂದು ತೋರಿಸಲು ಜನನ ಪ್ರಮಾಣಪತ್ರ ಬೇಕು. ಅದು ಕೈಗೆ ಬರಬೇಕಾದರೆ ಬದುಕಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಗಾದೆ ನನಗೆಂದೇ ಹುಟ್ಟಿದಂತಿದೆ. ಫೆರ್ನಾಂದ್ ಅಂತೂ, "ಒಂದ್ಸಲ ವಿಧವೆ ಆಗಿದ್ದೀನಪ್ಪಾ, ಸಾಕು. ಮದ್ವೆಗ್ ಮುಂಚೇನೇ ಇನ್ನೊಂದ್ಸಲ ಆಗೋಕೆ ನನ್ ಕೈಲಾಗಲ್ಲ," ಅನ್ನುತ್ತಾಳೆ.

ಈಗ ತಾವು ದೊಡ್ಡ ಮನಸ್ಸು ಮಾಡಿ ದಾರಿಯೊಂದನ್ನು ತೋರಿಸಿದ್ದೀರಿ. ಆ ದಾಖಲೆ ತಪ್ಪು, ಅಂಥ ಮಗುವೇ ಇರಲಿಲ್ಲ ಎಂದು ನಾನು ಸಹಿ ಹಾಕಿದರೆ ನನಗೆ ಜೀವ ಬರುತ್ತದೆ, ಮುಂದಿನ ಶನಿವಾರವೇ ಮದುವೆ. ಪೆನ್ನು ಕೈಗೆತ್ತಿಕೊಂಡೆ ಮಾನ್ಯರೇ. ಸುಳ್ಳೇಕೆ, ಆಸೆಯಾಯಿತು. ಪಕ್ಕದಲ್ಲಿದ್ದ ಫೆರ್ನಾಂದ್ ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಅವ್ನಿಗೆ ಇನ್ಯಾರಿದಾರೆ?" ಅಂದಳು, ಅಷ್ಟೇ. ಶಿಲುಬೆ ಎಂದೋ ಕೊಳೆತುಹೋಯಿತು. ಅಮ್ಮನೂ ಇಲ್ಲ. ಆ ಕೂಸು ಈ ಭೂಮಿಗೆ ಬಂದಿತ್ತು ಅನ್ನಲು ಉಳಿದಿರುವುದು ಪಾದ್ರಿ ಬರೆದ ಎರಡು ಸಾಲು. ಅದನ್ನೂ ನನ್ನ ಕೈಯಿಂದಲೇ ಹೊಡೆದುಹಾಕಿಸುತ್ತೀರಾ?

ನನ್ನಿಂದಾಗುವುದಿಲ್ಲ. ನನ್ನ ತಂದೆತಾಯಿಗೆ ಎಲ್ಜೆಯಾರ್ ಹೆಸರಿನ ಇಬ್ಬರು ಗಂಡುಮಕ್ಕಳಿದ್ದರು ಎಂದು ಬರೆಯಿರಿ. ಸಾವು ಅವನದಾಗಿಯೇ ಇರಲಿ, ಆದರೆ ಮೊದಲು ಅವನಿಗೊಂದು ಹುಟ್ಟು ಕೊಡಿ. ಅವನಿಗೆ ಕೊಡುವವರೆಗೆ ನನಗೂ ಬೇಡ. ಫೆರ್ನಾಂದ್ ಕಾಯುತ್ತಾಳಂತೆ, ಅವಳಿಗೂ ಎಪ್ಪತ್ತೆಂಟಾಯಿತು, ಸ್ವಲ್ಪ ಬೇಗ ಮಾಡಿ.

ಇಂತಿ,
ಎಲ್ಜೆಯಾರ್ ಸಾನ್‌ಸೂಸಿ,
ಎರಡನೆಯವನು
ಕಮುರಾಸ್ಕಾ, ಕ್ವಿಬೆಕ್