ಮೂರು ತೊಗರಿ, ಎರಡು ಜೋಳ

೨೭ ಅಕ್ಟೋಬರ್ ೧೯೧೬, ಶುಕ್ರವಾರ. ಕಲಬುರ್ಗಿ

ಮೇಲ್ ಗಾಡಿ ಇಂದೂ ತಡ. ಮುಂಬೈ ಪತ್ರಿಕೆ ಕೈಗೆ ಬಂದಾಗ ನಾಲ್ಕು ಗಂಟೆ. ಅಡತಿ ಅಂಗಡಿಯ ಪತ್ರವ್ಯವಹಾರ ಬದಿಗಿಟ್ಟು ಎಲ್ಲರಿಗೂ ಓದಿ ಹೇಳಿದೆ. ಅಮೆರಿಕದ ಚುನಾವಣೆಗೆ ಹನ್ನೊಂದೇ ದಿನ. ವಿಲ್ಸನ್ನನೋ, ಹ್ಯೂಸನೋ? ವಿಲ್ಸನ್ ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದವನು. ನಮ್ಮವರ ಬಾಯಲ್ಲಿ ‘ಮಾಸ್ತರ’. ಹ್ಯೂಸನ ಫೋಟೋ ನೋಡಿದ ದಿನದಿಂದ ಅವನು ಬರೀ ‘ಗಡ್ಡ’.

ಮಾಸ್ತರ ಪಾರ್ಟಿ ನಾಲ್ವರು — ನಾನು, ಅಂಗಡಿ ಸಾವುಕಾರ ಕಲ್ಯಾಣಪ್ಪನವರು, ಚೀಲ ಹೊರುವ ದೌಲಪ್ಪ, ಟಾಂಗಾ ಹೊಡೆಯುವ ಶಬ್ಬೀರ್. ಗಡ್ಡದ ಪಾರ್ಟಿ ಮಂಜೂರ್ ಒಬ್ಬನೇ. ಕೋರ್ಟಿನಲ್ಲಿ ನಕಲು ಬರೆಯುವವನು, ನನ್ನ ಊರಿನವನು. ಕಮಲಾಪುರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ.

“ದೇಶಾನ ಲಡಾಯಿಯಿಂದ ದೂರ ಇಟ್ಟಾನ ಮಾಸ್ತರ. ಅವನಾ ಗೆಲ್ತಾನ,” ಎಂದೆ.

“ಅಲ್ಲೋ ದೋಸ್ತ, ಮಾಸ್ತರಗ ಸಾಲಿ ಹುಡುಗರಾ ಹೆದರಂಗಿಲ್ಲ,” ಎಂದ ಮಂಜೂರ್. “ಗಡ್ಡ ನೋಡು! ಜಜ್ಜ ಇದ್ದಾವ. ಹೆಂಗ ಕಾಣ್ತಾನ!”

“ಗಡ್ಡಕ್ಕ ಓಟ ಬೀಳೂದಾದ್ರ ನಮ್ಮ ಓಣ್ಯಾಗಿನ ಹೋತಾನೂ ನಿಂದರಸೂಣಲ್ರಿ,” ಎಂದ ದೌಲಪ್ಪ. ಮಂಜೂರನೂ ನಕ್ಕ.

ನನಗೆ ನಗು ಪೂರ್ತಿ ಬರಲಿಲ್ಲ. ವಾಚನಾಲಯ ತೆರೆಯಲು ಸರ್ಕಾರದ ಪರವಾನಗಿ ಕೇಳುವ ನಮ್ಮ ಅರ್ಜಿ — ಐವರ ಸಹಿ, ಮಂಜೂರನ ಉರ್ದು ಅಕ್ಷರ — ಅವನ ಬಳಿಯೇ ಇದೆ. ಇನ್ನೂ ಸಲ್ಲಿಸಿಲ್ಲ. ಆದರೂ ಮೊನ್ನೆ ಪೊಲೀಸ್ ಅಮೀನರು ಸಾವುಕಾರರನ್ನು ಕೇಳಿದರಂತೆ: “ಸಂಜೀಕಿ ಏನೇನೋ ಓದ್ತೀರಂತಲ್ಲ?”

ಯಾರು ಹೇಳಿದರು? ಐವರಲ್ಲಿ ಒಬ್ಬ.

೨೯, ಭಾನುವಾರ

ಓಟು ನಡೆಸಿದೆ. ನಿಜಾಮ ಹುಜೂರರ ರಾಜ್ಯದಲ್ಲಿ ಓಟೆಂಬುದನ್ನು ಕಂಡವರಿಲ್ಲ. ಐದು ಜನರ ದೇಶವಾದರೂ ಒಮ್ಮೆ ಕಾಣಲಿ.

ಮಾಸ್ತರನಿಗೆ ಜೋಳ, ಗಡ್ಡಕ್ಕೆ ತೊಗರಿ. ಮುಷ್ಟಿಯಲ್ಲಿ ಎರಡೂ ಕಾಳು. ಬಟ್ಟೆ ಮುಚ್ಚಿದ ಗಡಿಗೆಯಲ್ಲಿ ಕೈಯಿಟ್ಟು ಒಂದನ್ನು ಬಿಡುವುದು, ಇನ್ನೊಂದನ್ನು ಅಲ್ಲೇ ನುಂಗುವುದು. ನಿಯಮ ನನ್ನದು: ಯಾರು ಏನು ಹಾಕಿದರೆಂದು ಕೇಳಕೂಡದು, ಹೇಳಕೂಡದು. ಗುಟ್ಟಿಲ್ಲದ ಓಟು ಓಟಲ್ಲ — ಚುನಾವಣೆಯ ಬಗ್ಗೆ ಮುಂಬೈಯಿಂದ ತರಿಸಿದ ಕರಪತ್ರದಲ್ಲಿ ದಪ್ಪಕ್ಷರದಲ್ಲಿದೆ.

ನಾಲ್ಕು ಜೋಳ, ಒಂದು ತೊಗರಿ ಎಂದು ಮೊದಲೇ ಗೊತ್ತಿತ್ತು. ಗಡಿಗೆ ಬೋರಲು ಹಾಕಿದೆ.

ಮೂರು ತೊಗರಿ. ಎರಡು ಜೋಳ.

“ಅರೇ ಮಂಜೂರಭಾಯಿ, ಗಡ್ಡ ಗೆದ್ದಿತಲ್ಲೋ!” — ಶಬ್ಬೀರ್ ಕುಣಿದ. ಸಾವುಕಾರರು ಹೊಟ್ಟೆ ಹಿಡಿದು ನಕ್ಕರು. ಮಂಜೂರ್ ಮಾತ್ರ ಕಾಳುಗಳನ್ನೇ ನೋಡುತ್ತ ನಿಂತ, ಬೆರಗಾದವನಂತೆ. ನಾಟಕ?

ಬಾಯಲ್ಲಿ ಜೋಳ, ಕೈಯಲ್ಲಿ ತೊಗರಿ. ಅಂಥವರು ಇಬ್ಬರು ನಮ್ಮಲ್ಲಿದ್ದಾರೆ. ಅವರನ್ನು ತಿರುಗಿಸಿದವನೂ ಇರಬೇಕು.

೨ ನವೆಂಬರ್

ಯೋಚಿಸಿದಷ್ಟೂ ಒಂದೇ ಹೆಸರು. ಸರ್ಕಾರದ ಅನ್ನ ತಿನ್ನುವವನು ಅವನೊಬ್ಬನೇ. ಶಬ್ಬೀರನ ಟಾಂಗಾದಲ್ಲಿ ದಿನವೂ ಓಡಾಡುತ್ತಾನೆ. ದೌಲಪ್ಪನ ತಮ್ಮನ ಖಟ್ಲೆಯ ಕಾಗದ ಬರೆದುಕೊಟ್ಟವನೂ ಅವನೇ. ಇಂದು ಅಮೀನರ ಕಚೇರಿಯೊಳಗೆ ಕಾಗದದ ಸುರುಳಿ ಹಿಡಿದು ಹೋದದ್ದನ್ನು ಕಣ್ಣಾರೆ ಕಂಡೆ. ಕೋರ್ಟಿನ ನಕಲು ಕೊಡಲು ಇರಬಹುದು. ಇರಬಹುದು...

೩, ಶುಕ್ರವಾರ

ಮಂಜೂರನನ್ನು ಅರ್ಜಿ ವಾಪಸು ಕೇಳಿದೆ. ಎಲ್ಲರ ಎದುರೇ.

“ಯಾಕೋ ದೇವಿಂದ್ರ?”

“ಇಬ್ಬರ ಓಟ ತಿರುಗಿಸೀದಿ. ನಮ್ಮ ಸುದ್ದಿ ಅಮೀನರ ಕಿವಿಗೆ ಹಾಕೀದಿ.”

ನಕ್ಕ. ನಾನು ನಗಲಿಲ್ಲ. ಅವನ ನಗುವೂ ನಿಂತಿತು.

“ಹಂಗಾರ ಹೇಳು, ನೀ ಏನ ಹಾಕಿದಿ? ಯಾರ್ಯಾರ ಕೂಡ ಮಾತಾಡಿದಿ?”

“ಕೇಳಬಾರದು, ಹೇಳಬಾರದು ಅಂದಾವ ನೀನಾ,” ಎಂದ. “ನಾ ಹೇಳಂಗಿಲ್ಲ.”

ಕೋಟಿನೊಳಗಿಂದ ಅರ್ಜಿ ತೆಗೆದ. ಮಡಿಕೆ ಬೀಳದಂತೆ ರಟ್ಟಿನಲ್ಲಿಟ್ಟಿದ್ದ. ನನ್ನ ಲೇಖನಿಯನ್ನೇ ತೆಗೆದುಕೊಂಡು ತನ್ನ ಸಹಿಯ ಮೇಲೆ ಒಂದು ಗೆರೆ ಎಳೆದ. ನೇರ ಗೆರೆ. ಹೋದ.

ಸಾವುಕಾರರು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ತಕ್ಕಡಿಯತ್ತ ತಿರುಗಿದರು. ಅದನ್ನೂ ಗುರುತಿಟ್ಟುಕೊಂಡಿದ್ದೇನೆ.

೧೦, ಶುಕ್ರವಾರ

ಗಡ್ಡ ಗೆದ್ದನೆಂದು ಪತ್ರಿಕೆ. ಹಂಗಿಸಲು ಮಂಜೂರ್ ಇಲ್ಲ. ವಾರದಿಂದ ಅಂಗಡಿಗೆ ಬಂದಿಲ್ಲ.

“ರಜಾ ಹಾಕಿ ಕಮಲಾಪುರಕ್ಕ ಹೋಗ್ಯಾನ,” ಎಂದ ಶಬ್ಬೀರ್. “ಅಲ್ಲಿಗೇ ನೌಕರಿ ಬದಲಿ ಕೇಳ್ತಾನಂತ. ಇಲ್ಲಿ ಮನಸ ಹತ್ತವಲ್ದು ಅಂದ.”

ಅರ್ಜಿ ಪೆಟ್ಟಿಗೆಯಲ್ಲಿದೆ. ಐದನೆಯ ಸಹಿ ಯಾರನ್ನು ಕೇಳಲಿ? ಉಳಿದ ಮೂವರಲ್ಲಿ ಇಬ್ಬರು ತೊಗರಿ.

೧೩, ಸೋಮವಾರ

ಸುದ್ದಿ ತಿರುಗಿತು! ಮೊದಲ ತಂತಿ ತಪ್ಪಂತೆ. ಕೊನೆಯ ಎಣಿಕೆಯಲ್ಲಿ ಮಾಸ್ತರನೇ ಗೆದ್ದ. ಎರಡು ಸಲ ಓದಿದೆ.

ಕಲ್ಯಾಣಪ್ಪನವರು ಬೆಲ್ಲ ತರಿಸಿದರು. “ಹೆಂಗೂ ನಮ್ಮಾವ ಗೆದ್ದ. ಈಗ ನಿನ್ನ ನಿಯಮ ಮುರದ್ರ ಪಾಪಿಲ್ಲ, ತಮ್ಮ. ನಾ ತೊಗರಿ ಹಾಕಿದ್ದೆ.”

“ನೀವಾ?”

“ಮಂಜೂರ ಒಬ್ಬನಾ ಆಗಿದ್ನಲ್ಲೋ. ಜತೀಗಿ ಒಂದು ಕಾಳ ಇರ್ಲಿ, ನಾವು ಹೆಂಗೂ ಗೆಲ್ತೀವಿ ಅಂದ್ಕೊಂಡೆ.”

ದೌಲಪ್ಪ ತಲೆಯ ರುಮಾಲು ತೆಗೆದ. “ಅಯ್ಯ, ನಾನೂ ಹಂಗಾ ಮಾಡೇನ್ರಿ!”

“ಮೈಂ ಭೀ!” ಎಂದ ಶಬ್ಬೀರ್.

“ಮತ್ತ ಅಮೀನರಿಗೆ ಹೇಳಿದಾವ ಯಾರು?” — ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ನೀ ಓದೂದು ಸ್ಟೇಶನ್ ತನಕ ಕೇಳ್ತದ,” ಎಂದರು ಸಾವುಕಾರರು. “ಮ್ಯಾಲ ಚಾಡಿ ಹೇಳಾವ ಬ್ಯಾರೆ ಬೇಕೇನೋ?”

ಬೆಲ್ಲವನ್ನು ಹಾಗೇ ಕೆಳಗಿಟ್ಟೆ.

೧೪, ಮಂಗಳವಾರ, ಮಧ್ಯಾಹ್ನ. ಕಮಲಾಪುರ

ನಸುಕಿಗೇ ಶಬ್ಬೀರನ ಟಾಂಗಾ. ದಾರಿಯುದ್ದಕ್ಕೂ ಕ್ಷಮೆಯ ಮಾತು ಹೊಂದಿಸಿದೆ. ಅರ್ಜಿ ಜೊತೆಗಿದೆ. ಗೆರೆಯ ಕೆಳಗೆ ಇನ್ನೊಂದು ಸಹಿಗೆ ಜಾಗವೂ ಇದೆ.

ಮಂಜೂರ್ ಮನೆಯಲ್ಲಿಲ್ಲ. ಅವನ ತಾಯಿ ಮಸ್ತಾನಬಿ ಎರಡು ಕೆಂಪು ಬಾಳೆಹಣ್ಣು ಕೊಟ್ಟು ಕಟ್ಟೆಯ ಮೇಲೆ ಕೂಡಿಸಿದರು. “ನಮಾಜಿಗಿ ಹೋಗ್ಯಾನ, ಬರ್ತಾನ. ನಿಮ್ಮಿಬ್ಬರದು ಏನಾಗೇದೋ ಬೇಟಾ? ಕೇಳಿದ್ರ ಬಾಯಿ ಬಿಡವಲ್ಲ.”

ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೇ ಹೊಳೆಯಿತು. ನಿನ್ನೆ ಯಾಕೆ ಹೊಳೆಯಲಿಲ್ಲ!

ಮೂರು ತೊಗರಿ. ಕಲ್ಯಾಣಪ್ಪನವರು, ದೌಲಪ್ಪ, ಶಬ್ಬೀರ್. ಮೂರೂ ಮುಗಿದವು.

ಎರಡು ಜೋಳ. ಒಂದು ನನ್ನದು. ಇನ್ನೊಂದು ಗಡ್ಡದ ಪಾರ್ಟಿಯವನದು.

ಯಾಕೆಂದು ಕೇಳುವಂತಿಲ್ಲ. ನಿಯಮ ನನ್ನದೇ. ಓಣಿಯ ತಿರುವಿನಲ್ಲಿ ಅವನು ಕಾಣುತ್ತಿದ್ದಾನೆ. ನನ್ನನ್ನು ನೋಡಿ ನಿಂತ. ಈಗ ನಾನು ಎದ್ದು —